ಬದನೆ ಬಣ್ಣದ ಗಿಡ

ವಿನೋಬನಗರ, ಶಿವಮೊಗ್ಗ
೧೬ ಜೂನ್ ೨೦೨೪

ಚಿ. ತನುಜಾಗೆ,

'ಚಿ.' ಅಂತ ಬರೆದು ಪೆನ್ನು ನಿಂತುಬಿಡ್ತು ನೋಡು. ನೀನು ಬಿ.ಎಡ್. ಓದೋಕೆ ದಾವಣಗೆರೆಗೆ ಹೋಗಿದ್ದಾಗ ಅದರ ಪಕ್ಕ 'ಸೌ.' ಅಂತಾನೂ ಬರೀತಿದ್ದೆ. ರುದ್ರೇಶ ಹೋಗಿ ಎರಡು ವರ್ಷ ಆದ್ರೂ ಕೈಗೆ ಆ ರೂಢಿ ತಪ್ಪಿಲ್ಲ. ಗಂಡ ಇಲ್ಲದೋಳಿಗೆ ಸೌ. ಬರೀಬಾರದಂತೆ. ಇರಲಿ, ಆಶೀರ್ವಾದ ಅಷ್ಟೇ ಇದೆ.

ಇಲ್ಲೇ ಪಕ್ಕದ ಭದ್ರಾವತಿಗೆ ಕಾಗದ ಹಾಕ್ತೀನಿ ಅಂದ್ರೆ ಪೋಸ್ಟಾಫೀಸಿನ ಹುಡುಗಿ ನಕ್ಕಳು. ನಗಲಿ. ಫೋನಿನಲ್ಲಿ ನೀನು ಏನಂದ್ರೂ ನನಗೆ ಸೊಳ್ಳೆ ಗುಂಯ್ ಅಂದ ಹಂಗೆ ಕೇಳುತ್ತೆ. ಮೊನ್ನೆ ಅಷ್ಟು ಹೊತ್ತು ಏನೋ ಹೇಳಿದೆ, ನಾನು ಹೂಂ ಹೂಂ ಅಂದೆ. ಏನಕ್ಕೆ ಒಪ್ಪಿಕೊಂಡೆನೋ ಶಿವನೇ ಬಲ್ಲ.

ಟ್ರಾನ್ಸ್‌ಫರ್ ಆಗಿ ಅಲ್ಲಿ ಮನೆ ಮಾಡ್ತೀನಿ ಅಂದಾಗ ನಾನು ಯಾಕೆ ಅಂತ ಕೇಳಲಿಲ್ಲ. ಅವನ ಕುರ್ಚಿ ಎದುರಿಗೆ ಇಟ್ಕೊಂಡು ಊಟ ಮಾಡೋದು ನನಗೂ ಕಷ್ಟಾನೇ. ಆದ್ರೆ ಮೊದಲು ಪ್ರತಿ ಶನಿವಾರ ಬರ್ತಿದ್ದೋಳು, ಈಗ ಮೇ ತಿಂಗಳಿಂದ ಪತ್ತೆ ಇಲ್ಲ. ಅದನ್ನಂತೂ ಕೇಳ್ತೀನಿ. ಯಾಕೆ?

ನೀನು ಬರೋದು ನಿಂತ ಮೇಲೆ ಪಕ್ಕದ ಸಂದಿಯ ತೋಟ ನನ್ನ ಪಾಲಿಗೆ ಬಂದಿದೆ. ವೀರೇಂದ್ರ ಪಕ್ಕದಲ್ಲಿ ಮೂರು ಮಹಡಿ ಎಬ್ಬಿಸಿ ನನ್ನ ಗುಲಾಬಿಗಳನ್ನೆಲ್ಲ ಕತ್ತಲೆಗೆ ಹಾಕಿದಾಗ ನಾನು ಗೋಡೆ ಕಡೆ ಮುಖ ಮಾಡಿ ಬೈದಿದ್ದೇ ಬೈದಿದ್ದು. ರುದ್ರೇಶ ಮಾತ್ರ "ಬಿಡಮ್ಮ, ನೆರಳಲ್ಲೇ ಬದುಕೋ ಗಿಡಾನೂ ಇದಾವೆ" ಅಂತ ಜರಿಗಿಡ, ಬಣ್ಣದ ಕೆಸು ಎಲ್ಲ ತಂದು ಇಟ್ಟ. ಊಟಿಗೆ ಹೋದಾಗ ನೀವಿಬ್ರೂ ಈ ಕುಂಡದ ಗಿಡಾನ ತಂದ್ರಿ. ಹ್ಯೂಕೆರಾ ಅಂತ ಅವನು ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ಬದನೆ ಬಣ್ಣದ್ದು ಅಂತೀನಿ. ಗಿಡಕ್ಕೇನೂ ಬೇಜಾರಿಲ್ಲ.

ಈಗ ಎಲೆ ಅಂಗೈ ಅಗಲ ಇದೆ, ತಿರುಗಿಸಿದ್ರೆ ಹಿಂದೆ ಬೀಟ್‌ರೂಟ್ ಬಣ್ಣ. ಬೆಳಿಗ್ಗೆ ಪೂಜೆ ಮುಗಿಸಿದ ತಕ್ಷಣ ಅದರ ಹತ್ರ ಹೋಗ್ತೀನಿ, ಆಮೇಲೇ ಕಾಫಿ. ಅವನನ್ನ ಮಣ್ಣು ಮಾಡಿದ ಜಾಗ ನೋಡೋಕೆ ಹೊಳಲೂರಿಗೆ ಹೋಗೋಣ ಅಂದ್ರೆ ಈ ಮೊಣಕಾಲು ಬಿಡಲ್ಲ. ಇದಾದ್ರೆ ನಾಲ್ಕು ಹೆಜ್ಜೆ.

ಶನಿವಾರ ಬಾ. ಕೊಟ್ಟೆ ಕಡುಬು ಮಾಡ್ತೀನಿ.

ಇಂತಿ ನಿನ್ನ ಅತ್ತೆ,
ಬಸವರಾಜೇಶ್ವರಿ


ಹಳೇನಗರ, ಭದ್ರಾವತಿ
೨೭ ಜೂನ್ ೨೦೨೪

ಅತ್ತೆಗೆ ನಮಸ್ಕಾರ.

ಫೋನಿನಲ್ಲಿ ನೀವು ಹೂಂ ಅಂದಿದ್ದು ಕಿವಿಗೆ ಮಿಷನ್ ಹಾಕಿಸಿಕೊಳ್ಳೋಕೆ. ಒಪ್ಪಿಕೊಂಡಾಗಿದೆ, ಈಗ ತಪ್ಪಿಸಿಕೊಳ್ಳೋ ಹಾಗಿಲ್ಲ.

ಗಿಡದ ಬಗ್ಗೆ ಸ್ವಲ್ಪ ಹುಷಾರು ಅತ್ತೆ. ಅದು ಚಳಿ ಊರಿನದ್ದು. ನಮ್ಮ ಬೇಸಿಗೆ ದಾಟಿ ಉಳಿದಿದ್ದೇ ದೊಡ್ಡದು, ಈಗ ಮಳೆ. ಕುಂಡದಲ್ಲಿ ನೀರು ನಿಂತ್ರೆ ಹೋಯ್ತು. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ, ಅದೂ ಅಂಚಿನಲ್ಲಿ ನೀರು ಹಾಕಿ. ಎಲೆಗಳೆಲ್ಲ ಹುಟ್ಟೋ ನಡುಭಾಗ ಇದೆಯಲ್ಲ, ಅದರ ನೆತ್ತಿ ಯಾವತ್ತೂ ಒದ್ದೆ ಆಗಬಾರದು. ಗೊಬ್ಬರ ಬೇಡವೇ ಬೇಡ. ಬೆಳಗಿನ ಎಳೆ ಬೆಳಕು ಸ್ವಲ್ಪ ಬಿದ್ರೆ ಬಣ್ಣ ಗಾಢ ಆಗುತ್ತೆ, ಪೂರ್ತಿ ಕತ್ತಲಾದ್ರೆ ಹಸಿರಿಗೆ ತಿರುಗುತ್ತೆ.

ನಮ್ಮ ಓನರ್ ಪುಷ್ಪಮ್ಮನವರ ಹಿತ್ತಲಲ್ಲಿ ಒಂದು ದೊಡ್ಡ ಹಲಸಿನ ಮರ ಇದೆ ಅಂದಿದ್ದೆನಲ್ಲ, ಅದರ ಕೆಳಗೆ ಏನೂ ಬೆಳೆಯಲ್ಲ ಅಂತ ಜಾಗ ಖಾಲಿ ಬಿಟ್ಟಿದಾರೆ. ದಿನಾ ಪಾತ್ರೆ ತೊಳೆಯುವಾಗ ಅದನ್ನೇ ನೋಡ್ತೀನಿ. ಇವರು ಇದ್ದಿದ್ರೆ ಅಂತ ಅನ್ನಿಸುತ್ತೆ. ಮೊನ್ನೆ ಪುಷ್ಪಮ್ಮನವರ ಮಗ ವಸಂತ್ ಅವರಿಗೆ ಅದನ್ನೇ ಹೇಳ್ತಿದ್ದೆ. ಗ್ಯಾಸ್ ಖಾಲಿ ಆಗಿತ್ತು, ವಸಂತ್ ಅವರೇ ಸಿಲಿಂಡರ್ ಹೊತ್ತು ತಂದುಕೊಟ್ಟರು.

ಈ ಶನಿವಾರ ತರಬೇತಿ ಇದೆ, ಬರೋಕೆ ಆಗಲ್ಲ. ಕಡುಬು ತಿಂದಷ್ಟೇ ಸಂತೋಷ ಆಯ್ತು.

ನಿಮ್ಮ
ತನುಜಾ


ವಿನೋಬನಗರ
೨೪ ಜುಲೈ ೨೦೨೪

ಚಿ. ತನುಜಾಗೆ,

ಕಡುಬು ತಿನ್ನದೇ ಸಂತೋಷ ಆಗುತ್ತೆ ಅಂತ ಯಾವ ಸ್ಕೂಲಲ್ಲಿ ಹೇಳಿಕೊಡ್ತೀಯ ಮಾರಾಯ್ತಿ? ಎರಡು ದಿನ ನಾನೊಬ್ಬಳೇ ತಿಂದೆ.

ಗಿಡ ಯಾಕೋ ಸರಿ ಇಲ್ಲ. ಎಲೆ ಜೋತುಬಿದ್ದಿದೆ. ನೀನು ಹೇಳಿದ ಹಂಗೇ ಮಾಡಿದೀನಿ. ಮಳೆ ಹನಿ ಬೀಳಬಾರದು ಅಂತ ಕುಂಡವನ್ನ ಸಜ್ಜಾ ಕೆಳಗೆ ಎಳೆದು ಇಟ್ಟಿದೀನಿ, ಸೊಂಟ ಹಿಡ್ಕೊಂಡು ಎರಡು ದಿನ ಮಲಗಿದ್ದೆ. ಗೊಬ್ಬರ ಹಾಕಿಲ್ಲ. ನೀರಂತೂ ಒಂದು ತೊಟ್ಟು ಹಾಕಿಲ್ಲ, ಆಣೆ ಬೇಕಾದ್ರೂ ಇಡ್ತೀನಿ. ಆ ವೀರೇಂದ್ರನ ಗೋಡೆಯ ಸುಣ್ಣ ಏನಾದ್ರೂ ಇಳೀತಿದೆಯೋ ಏನೋ. ಇನ್ನು ಯಾರನ್ನ ಬೈಲಿ?

ಇನ್ನೊಂದು. ನಿಮ್ಮ ಓನರಮ್ಮನ ಹೆಸರು ನನಗೆ ಮೊದಲೇ ಗೊತ್ತಿತ್ತು. ಅವರ ಮಗನ ಹೆಸರು ಈ ಕಾಗದದಲ್ಲೇ ಗೊತ್ತಾಗಿದ್ದು, ಅದೂ ಎರಡು ಸಲ. ಸುಮ್ನೆ ಹೇಳ್ದೆ.

ಇಂತಿ ನಿನ್ನ ಅತ್ತೆ,
ಬಸವರಾಜೇಶ್ವರಿ


ಭದ್ರಾವತಿ
೫ ಆಗಸ್ಟ್ ೨೦೨೪

ಅತ್ತೆಗೆ ನಮಸ್ಕಾರ.

ನೀರೇ ಹಾಕಿಲ್ಲ ಅಂದ್ರೆ ಬಾಯಾರಿ ಜೋತುಬಿದ್ದಿರಬಹುದು. ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿ. ಒಣಗಿದ್ರೆ ಅಂಚಿಗೆ ಸ್ವಲ್ಪ ಕೊಡಿ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಕೊಳ್ಳಿ, ಇನ್ನು ಕುಂಡ ಎಳೀಬೇಡಿ.

ಶ್ರಾವಣ ಸೋಮವಾರ ಬರೋಣ ಅಂತಿದ್ದೆ. ಕಿರುಪರೀಕ್ಷೆ ಶುರುವಾಗ್ತಿದೆ.

ಬೇರೆ ವಿಶೇಷ ಏನಿಲ್ಲ.

ತನುಜಾ


ವಿನೋಬನಗರ
೨೯ ಆಗಸ್ಟ್ ೨೦೨೪

ತನುಜಾ,

ವಿಶೇಷ ಏನಿಲ್ಲ ಅಂತ ಬರೆದಿದ್ದೆ. ವಿಶೇಷವನ್ನ ನನ್ನ ಮಗಳು ಸುಪ್ರಿಯಾ ವಿದ್ಯಾನಗರದಿಂದ ಆಟೋ ಮಾಡ್ಕೊಂಡು ಬಂದು ಹೇಳಿದಳು. ಕಿವಿ ಕೇಳದೋಳಿಗೆ ಹೇಳಬೇಕಲ್ಲ, ಬೀದಿಗೆಲ್ಲ ಕೇಳೋ ಹಂಗೆ ಕೂಗಿ ಹೇಳಿದಳು. ನಿನ್ನ ಓನರಮ್ಮ ಪುಷ್ಪಮ್ಮ ಯಾವುದೋ ಮದುವೆ ಮನೆಯಲ್ಲಿ ಸುಪ್ರಿಯಾಳ ನಾದಿನಿ ಹತ್ರ, ತನುಜಾ ಟೀಚರ್ ನಮ್ಮ ಮನೆ ಸೊಸೆ ಆದ್ರೆ ನನ್ನ ಪುಣ್ಯ ಅಂದಳಂತೆ.

ಇಡೀ ಭದ್ರಾವತಿಗೆ ಗೊತ್ತು. ವಿದ್ಯಾನಗರಕ್ಕೆ ಗೊತ್ತು. ಈಗ ನಮ್ಮ ಬೀದಿಗೂ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ. ನನಗೆ ಕಿವಿ ಇಲ್ಲ, ಒಪ್ಪಿದೆ. ಕಣ್ಣಿತ್ತಲ್ಲ? ಕಾಗದದಲ್ಲಿ ಬರೆದಿದ್ರೆ ಓದ್ತಿರಲಿಲ್ವಾ?

ಅವನು ಹೋದ ಮೇಲೆ ನನಗೆ ಅಂತ ಉಳಿದೋಳು ನೀನೊಬ್ಬಳೇ. ಸುಪ್ರಿಯಾಳಿಗೆ ಅವಳ ಸಂಸಾರ ಇದೆ. ನಿನ್ನನ್ನ ಶನಿವಾರ ಶನಿವಾರ ಕಾಯ್ತಾ ಕೂತಿದ್ನಲ್ಲ, ನನಗೆ ಬುದ್ಧಿ ಇಲ್ಲ.

ಗಿಡವೂ ಸಾಯ್ತಿದೆ. ಎಲೆ ಮುಟ್ಟಿದ್ರೆ ಕೈಗೇ ಬರುತ್ತೆ, ಬುಡದಿಂದ ಏನೋ ವಾಸನೆ. ನಿನ್ನ ಗಿಡ, ನೀನೇ ಏನಾದ್ರೂ ಮಾಡ್ಕೋ.

ಗಣೇಶನ ಹಬ್ಬಕ್ಕೆ ಬರೋದೇನೂ ಬೇಡ.

ಬಸವರಾಜೇಶ್ವರಿ


ಭದ್ರಾವತಿ
೮ ಸೆಪ್ಟೆಂಬರ್ ೨೦೨೪

ಅತ್ತೆ,

ನೀವು ಬರಬೇಡ ಅಂದ್ರಿ ಅಂತ ನಿನ್ನೆ ಹಬ್ಬಕ್ಕೆ ಬರಲಿಲ್ಲ. ಬೆಳಿಗ್ಗೆಯಿಂದ ಏನೂ ಸೇರಲಿಲ್ಲ. ನೀವು ಕಡುಬಿಗೆ ಹೂರಣ ಹದ ಮಾಡೋದು ಕಣ್ಣ ಮುಂದೇ ಬರ್ತಿತ್ತು.

ನನ್ನ ಬಾಯಿಂದ ಕೇಳಬೇಕಾದ್ದನ್ನ ಬೇರೆಯವರಿಂದ ಕೇಳಿದ್ರಿ, ಅದಕ್ಕೆ ನನ್ನನ್ನ ಎಷ್ಟು ಬೈದ್ರೂ ಸರಿ. ನಡೆದಿದ್ದು ಇಷ್ಟು. ಮೇ ತಿಂಗಳಲ್ಲಿ ವಸಂತ್ ಕೇಳಿದರು. ಲೇತ್ ಅಂಗಡಿ ಇಟ್ಟಿದಾರೆ, ಅವರದ್ದೂ ಒಂದು ಮದುವೆ ಆಗಿ ಮುರಿದಿದೆ, ಮಾತು ಕಡಿಮೆ. ನಿಮ್ಮ ಮಗನ ಫೋಟೋ ಗೋಡೆ ಮೇಲೆ ಇದೆಯಲ್ಲ, ಅದನ್ನ ತೆಗೀಬೇಕು ಅಂತ ಯಾರೂ ಅಂದಿಲ್ಲ, ಮೊಳೆ ಸಡಿಲ ಆಗಿತ್ತು ಅಂತ ವಸಂತ್ ಅವರೇ ಬಿಗಿ ಮಾಡಿ ಹೋದರು. ನನಗೆ ಇಷ್ಟ ಇದೆ ಅತ್ತೆ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಇದೆ.

ಅವರು ಕೇಳಿದ ದಿನದಿಂದ ನಿಮ್ಮ ಮನೆ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಒಂದು ಶನಿವಾರ ಶಿವಮೊಗ್ಗ ಬಸ್‌ಸ್ಟ್ಯಾಂಡಿನವರೆಗೂ ಬಂದು, ಅಲ್ಲೇ ಬೆಂಚಿನ ಮೇಲೆ ಕೂತು, ಅದೇ ಬಸ್ಸಲ್ಲಿ ವಾಪಸ್ ಹೋದೆ. ನಿಮ್ಮ ಮುಖ ನೋಡಿದ್ರೆ ಹೇಳಿಬಿಡ್ತೀನಿ ಅಂತ ಗೊತ್ತಿತ್ತು.

ಅವರಿಗೆ ಇನ್ನೂ ಹೂಂ ಅಂದಿಲ್ಲ. ನೀವು ಬೇಡ ಅಂದ್ರೆ ಅನ್ನೋದೂ ಇಲ್ಲ. ದೊಡ್ಡ ಮಾತಿಗೆ ಹೇಳ್ತಿಲ್ಲ. ನನಗೆ ಅಪ್ಪ ಅಮ್ಮ ಇಲ್ಲ. ಮದುವೆಯಾಗಿ ಬಂದ ವಾರ ನನ್ನನ್ನ ಮಣೆ ಮೇಲೆ ಕೂರಿಸಿ ತಲೆಗೆ ಎಣ್ಣೆ ತಟ್ಟಿದವರು ನೀವು. ಈ ಮದುವೆ ಆದ್ರೆ ನಾನು ನಿಮಗೆ ಏನಾಗ್ತೀನಿ? ಎಷ್ಟು ಯೋಚನೆ ಮಾಡಿದ್ರೂ ಅದಕ್ಕೊಂದು ಹೆಸರು ಸಿಗಲಿಲ್ಲ. ಆ ಮನೆಗೆ ಇನ್ನು ಯಾವ ಲೆಕ್ಕದಲ್ಲಿ ಬರಲಿ? ನನ್ನ ಭಯ ಅದೊಂದೇ.

ಗಿಡದ ವಿಷಯ. ಬುಡ ವಾಸನೆ ಬರ್ತಿದೆ ಅಂದ್ರೆ ಅದು ಕೊಳೀತಿದೆ, ಬಾಯಾರಿಕೆ ಅಲ್ಲ. ನಾನು ತಪ್ಪು ಹೇಳಿದೆ. ಆದ್ರೆ ಮಳೆ ಬೀಳದೆ, ನೀರು ಹಾಕದೆ ಹೇಗೆ ಕೊಳೆಯುತ್ತೆ? ನಿಮ್ಮ ಹಳೇ ಕಾಗದ ತೆಗೆದು ಓದಿದೆ. ಬೆಳಿಗ್ಗೆ ಪೂಜೆ ಮುಗಿಸಿದ ತಕ್ಷಣ ಅದರ ಹತ್ರ ಹೋಗ್ತೀನಿ ಅಂತ ಬರೆದಿದ್ರಿ. ಅತ್ತೆ, ಪೂಜೆ ನೀರು ಎಲ್ಲಿಗೆ ಹಾಕ್ತಿದೀರಿ?

ಹಾಗೇನಾದ್ರೂ ಇದ್ರೆ ತಕ್ಷಣ ಗಿಡ ಕಿತ್ತು ಬೇರು ತೊಳೀರಿ. ಮೆತ್ತಗೆ ಕಪ್ಪಗೆ ಆಗಿದ್ದನ್ನೆಲ್ಲ ಚಾಕುವಿನಲ್ಲಿ ತೆಗೆದುಬಿಡಿ, ಕನಿಕರ ಬೇಡ. ಮಗ್ಗುಲಲ್ಲಿ ಗಟ್ಟಿಯಾಗಿರೋ ಮರಿ ಇದ್ರೆ ಅದನ್ನಷ್ಟೇ ಬಿಡಿಸಿ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ. ನಡುವಿನದ್ದು ಹೋದ್ರೂ ಮಗ್ಗುಲಿನದ್ದು ಬದುಕುತ್ತೆ.

ತನುಜಾ


ವಿನೋಬನಗರ
೧೪ ನವೆಂಬರ್ ೨೦೨೪

ಚಿ. ತನುಜಾಗೆ,

ದೀಪಾವಳಿ ಕಳೆದ ಮೇಲೆ ಬರೀತಿದೀನಿ. ಇಷ್ಟು ದಿನ ಯಾಕೆ ಬರೀಲಿಲ್ಲ ಅಂದ್ರೆ ಸಿಟ್ಟು. ನಿನ್ನ ಕಾಗದ ದೇವರ ಗೂಡಿನಲ್ಲಿ ಇಟ್ಟು, ದಿನಾ ನೋಡಿ, ದಿನಾ ಸಿಟ್ಟು ಮಾಡ್ಕೊಂಡೆ.

ಮೊದಲು ಗಿಡದ್ದು ಹೇಳಿಬಿಡ್ತೀನಿ. ಪೂಜೆ ನೀರೂ ನೀರೇ ಅಂತ ನನಗೆ ಹೊಳೀಲೇ ಇಲ್ಲ ಕಣೇ! ಲಿಂಗಕ್ಕೆ ಎರೆದ ನೀರನ್ನ ಯಾರೂ ತುಳಿಯೋ ಜಾಗಕ್ಕೆ ಚೆಲ್ಲಬಾರದು ಅಂತ ನಮ್ಮತ್ತೆ ಕಾಲದಿಂದ ಗೋಡೆ ಪಕ್ಕದ ದಾಸವಾಳದ ಬುಡಕ್ಕೆ ಹಾಕ್ತಿದ್ದಿದ್ದು. ನೀನು ಬರೋದು ನಿಂತ ಮೇಲೆ ನಾನು ಅದನ್ನ ಇದಕ್ಕೆ ಹಾಕೋಕೆ ಶುರು ಮಾಡಿದೆ. ದಿನಾ ಒಂದು ತಂಬಿಗೆ, ವಿಭೂತಿ ಸಮೇತ, ಸರಿಯಾಗಿ ನೆತ್ತಿ ಮೇಲೆ. ಕುಡಿ ಮಗನೇ ಅಂತ ಹೇಳಿ ಹಾಕ್ತಿದ್ದೆ. ನೀರು ಹಾಕಿಲ್ಲ ಅಂತ ಆಣೆ ಇಡೋಕೆ ಹೊರಟಿದ್ನಲ್ಲ, ಆಗಲೂ ಕೈಯಲ್ಲಿ ತಂಬಿಗೆ ಇತ್ತು. ನನ್ನ ಕೈಯಾರೆ ಕೊಳೆಸಿದೆ.

ನಿನ್ನ ಕಾಗದ ಬಂದ ದಿನಾನೇ ಕಿತ್ತೆ. ಸಿಟ್ಟು ನಿನ್ನ ಮೇಲೆ ಇತ್ತು, ಗಿಡದ ಮೇಲೆ ಇರಲಿಲ್ಲ. ನಡುವಿನದ್ದು ಪೂರ್ತಿ ಕಪ್ಪಗೆ, ಹಿಚುಕಿದ ಬಾಳೆಹಣ್ಣಿನ ಹಂಗೆ ಆಗಿತ್ತು. ಅದನ್ನ ಕೈಯಲ್ಲಿ ಹಿಡ್ಕೊಂಡು ಸಂದಿಯಲ್ಲೇ ಕೂತುಬಿಟ್ಟೆ. ಅವನು ಹೋದಾಗ ಮನೆ ತುಂಬಾ ಜನ, ಅಳೋಕೆ ಬಿಡಲಿಲ್ಲ, ಸಮಾಧಾನ ಮಾಡಿದ್ದೇ ಮಾಡಿದ್ದು. ಅವತ್ತು ವೀರೇಂದ್ರನ ಗೋಡೆಗೆ ಒರಗಿ ಬಾಯಿ ಬಿಟ್ಟು ಅತ್ತೆ. ಮೇಲಿನಿಂದ ವೀರೇಂದ್ರನ ಹೆಂಡತಿ ಇಣುಕಿ ನೋಡಿ ಏನೋ ಕೇಳಿದಳು. ನನಗೆ ಕೇಳಲಿಲ್ಲ, ಒಳ್ಳೇದೇ ಆಯ್ತು.

ಮಗ್ಗುಲಲ್ಲಿ ಎರಡು ಮರಿ ಗಟ್ಟಿ ಇದ್ದವು. ನೀನು ಹೇಳಿದ ಹಂಗೆ ಊರಿದೆ. ಒಂದು ಮಹಾಲಯದ ಹೊತ್ತಿಗೆ ಹೋಯ್ತು. ಇನ್ನೊಂದು ಇದೆ. ಹಬ್ಬದ ಹೊತ್ತಿಗೆ ಒಂದು ಎಲೆ ಬಿಟ್ಟಿತು, ಹುಟ್ಟಿದಾಗಲೇ ಬದನೆ ಬಣ್ಣ. ಅದೊಂದೇ ಉಳಿದಿರೋದು.

ಈಗ ನಿನ್ನ ವಿಷಯ. ಸುಪ್ರಿಯಾ ದಿನಾ ಬಂದು ಕೂಗ್ತಾಳೆ. ಜನ ಏನಂತಾರೆ ಅಂತಾಳೆ, ಆ ಹುಡುಗ ನಮ್ಮೋರಲ್ಲ ಅಂತಾಳೆ. ಸಿಲಿಂಡರ್ ಹೊರೋಕೆ ನಮ್ಮೋರು ಯಾರಾದ್ರೂ ಹೋಗಿದ್ರಾ ಅಂತ ಕೇಳಿದೆ. ನಮ್ಮಪ್ಪನ ತಂಗಿಯ ಕಥೆ ನಿನಗೆ ಹೇಳಿಲ್ಲ. ಚಿಕ್ಕ ವಯಸ್ಸಿಗೇ ಗಂಡ ಹೋದ. ಅವಳಿಗೆ ಉಡಿಕೆ ಮಾಡಿದ್ರು. ಅಂದ್ರೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸೋದು, ನಮ್ಮ ಹಿಂದಿನವರಲ್ಲಿ ಅದು ಇತ್ತು. ಸೀರೆ ಉಡಿಸಿದ್ದು ಯಾರು ಗೊತ್ತಾ? ಸತ್ತ ಗಂಡನ ತಾಯಿ. ನಾನು ಆಗ ಸಣ್ಣೋಳು, ಬಾಗಿಲ ಹತ್ರ ನಿಂತು ನೋಡಿದ್ದೆ. ಆ ಮುದುಕಿ ನೆರಿಗೆ ಹಿಡಿದು ಕೊಡ್ತಾ ಇದ್ದಳು, ಹಿಡಿದಿದ್ದನ್ನ ಬಿಡ್ತಿದ್ದಳು, ಮತ್ತೆ ಹಿಡೀತಿದ್ದಳು. ಯಾಕೆ ಅಂತ ಈಗ ಗೊತ್ತಾಯ್ತು.

ಖುಷಿಯಿಂದ ಹೇಳ್ತಿದೀನಿ ಅಂತ ತಿಳ್ಕೋಬೇಡ. ಹೊಟ್ಟೆ ಉರೀತಿದೆ. ರಾತ್ರಿ ನಿದ್ದೆ ಬರಲ್ಲ. ನೀನು ಇನ್ನೊಬ್ಬರನ್ನ ಅತ್ತೆ ಅಂತ ಕರೀತೀಯಲ್ಲ ಅಂತ ಮೈಗೆಲ್ಲ ಬೆಂಕಿ ಬೀಳುತ್ತೆ. ಆದ್ರೂ ಹೇಳ್ತಿದೀನಿ. ಹೂಂ ಅನ್ನು.

ನಾನು ನಿಮಗೆ ಏನಾಗ್ತೀನಿ ಅಂತ ಕೇಳಿದೀಯ. ನನಗೂ ಗೊತ್ತಿಲ್ಲ. ಬಾ, ಕೂತು ಯೋಚನೆ ಮಾಡೋಣ. ಆ ಹುಡುಗನನ್ನೂ ಕರ್ಕೊಂಡು ಬಾ. ಮಾತು ಕಡಿಮೆ ಅಂತ ಬರೆದಿದೀಯ, ನನ್ನ ಹತ್ರ ಅದು ನಡೆಯಲ್ಲ. ಗಂಟಲು ಬಿಟ್ಟು ಮಾತಾಡೋಕೆ ಹೇಳು.

ಇಂತಿ ನಿನ್ನ ಅತ್ತೆ,
ಬಸವರಾಜೇಶ್ವರಿ


ಭದ್ರಾವತಿ
೧೮ ಫೆಬ್ರವರಿ ೨೦೨೫

ಅತ್ತೆಗೆ ನಮಸ್ಕಾರ.

ಭಾನುವಾರ ನಿಮ್ಮ ಮನೆಯಿಂದ ಹೊರಟು ಇಲ್ಲಿಗೆ ಬಂದು ಸೇರೋ ಹೊತ್ತಿಗೆ ದೀಪ ಹಚ್ಚಿದ್ದರು. ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದಾಗ ಮದುವೆ ಆಯ್ತು ಅಂತ ನನಗೆ ಅನ್ನಿಸಿರಲಿಲ್ಲ. ನೀವು 'ತವರಿಂದ ಹೋಗೋ ಹೆಣ್ಣು ಬರೀ ಮಡಿಲಲ್ಲಿ ಹೋಗಬಾರದು' ಅಂತ ನಡುಮನೆಯಲ್ಲಿ ಮಣೆ ಹಾಕಿದ್ರಲ್ಲ, ಆಗ ಅನ್ನಿಸ್ತು. ತವರು ಅಂದ್ರಿ. ನಾನು ಆ ಮಾತು ಕೇಳಿಸಿಕೊಂಡೆ ಅಂತ ನಿಮಗೆ ಗೊತ್ತಾಯ್ತಾ?

ಸುಪ್ರಿಯಾ ಅಕ್ಕ "ಅಮ್ಮ, ಮಡ್ಲಕ್ಕಿ ನೀನು ಹಾಕಬಾರದು, ಮುತ್ತೈದೆಯರು ಹಾಕಬೇಕು" ಅಂದಾಗ ನಾನು ಮಣೆಯಿಂದ ಏಳೋಕೆ ಹೊರಟಿದ್ದೆ. ನೀವು "ಲಿಂಗ ಕಟ್ಕೊಂಡ ಮೈಗೆ ಎಂಥ ಅಮಂಗಲವೇ, ಸರಿ ಆ ಕಡೆ" ಅಂದ್ರಿ ನೋಡಿ, ಪುಷ್ಪಮ್ಮನವರು ಬಾಯಿ ಮೇಲೆ ಸೆರಗು ಹಿಡಿದು ನಕ್ಕರು. ಆಮೇಲೆ ಅಕ್ಕಾನೇ ಬಂದು ನನ್ನ ಸೆರಗು ಹಿಡಿದುಕೊಟ್ಟರಲ್ಲ, ಅದು ಸಾಕು ನನಗೆ. ನೀವು ಅಕ್ಕಿ ಹಿಡಿದು, ಬಿಟ್ಟು, ಮತ್ತೆ ಹಿಡಿದ್ರಿ. ನಾನು ನೋಡಲಿಲ್ಲ ಅಂತ ನಟಿಸಿದೆ.

ಮಡಿಲು ಕಟ್ಟಿಕೊಂಡು ಕಾರಿನಲ್ಲಿ ಕೂತಾಗ ಹೊಟ್ಟೆ ಹತ್ರ ತಣ್ಣಗೆ ಒದ್ದೆ ಆಗ್ತಿತ್ತು. ತೆಂಗಿನಕಾಯಿ ಒಡೆದಿರಬೇಕು ಅಂದ್ಕೊಂಡೆ. ಇಲ್ಲಿ ದೇವರ ಮುಂದೆ ಬಿಚ್ಚಿದೆ. ಅಕ್ಕಿ, ಕಾಯಿ, ಬೆಲ್ಲ, ಅರಿಶಿನದ ಕೊಂಬು, ರವಿಕೆ ಕಣ. ಆ ಕಣದ ಒಳಗೆ ಬಾಳೆಎಲೆ, ಅದರೊಳಗೆ ಒದ್ದೆ ಬಟ್ಟೆ. ಪುಷ್ಪಮ್ಮನವರು ಏನದು ಅಂತ ಬಗ್ಗಿದರು. ನನಗೆ ಬಿಚ್ಚೋ ಮೊದಲೇ ಗೊತ್ತಾಯ್ತು ಅತ್ತೆ. ಬೇರು, ಮಣ್ಣು, ಮೂರು ಎಲೆ. ಎಲ್ಲರ ಮುಂದೆ ಅತ್ತುಬಿಟ್ಟೆ.

ಹಲಸಿನ ಮರದ ಕೆಳಗೆ ಇಟ್ಟಿದೀನಿ. ಬೆಳಗಿನ ಬೆಳಕು ಒಂದು ಗಳಿಗೆ ಬೀಳೋ ಜಾಗ ನೋಡಿ, ವಸಂತ್ ಹಳೇ ಹೆಂಚು ಒಡೆದು ತಳಕ್ಕೆ ಹಾಕಿ ಮಣ್ಣು ಏರಿಸಿ ಕೊಟ್ಟರು. ರುದ್ರೇಶ್ ಹೀಗೇ ಮಾಡ್ತಿದ್ರಾ ಅಂತ ಕೇಳಿದರು. ಹೌದು ಅಂದೆ.

ಆದ್ರೆ ಅತ್ತೆ, ಇದೊಂದೇ ಉಳಿದಿತ್ತು ಅಂತ ನೀವೇ ಬರೆದಿದ್ರಿ. ಅದನ್ನೂ ನನ್ನ ಮಡಿಲಿಗೆ ಹಾಕಿದ್ರೆ ಇನ್ನು ಅಲ್ಲಿ ನಿಮಗೆ ಅಂತ ಏನಿದೆ? ನನಗೆ ನಿದ್ದೆ ಬರ್ತಿಲ್ಲ. ವಾಪಸ್ ತಂದುಕೊಡ್ಲಾ?

ನಿಮ್ಮ
ತನುಜಾ


ವಿನೋಬನಗರ
೩ ಮಾರ್ಚ್ ೨೦೨೫

ಚಿ. ಸೌ. ತನುಜಾಗೆ,

ಸುಪ್ರಿಯಾ ಕಿವಿಗೆ ಮಿಷನ್ ಹಾಕಿಸಿದಳು. ಈಗ ವೀರೇಂದ್ರನ ಮನೆ ಮಿಕ್ಸಿಯಿಂದ ಹಿಡಿದು ಎಲ್ಲ ಕೇಳುತ್ತೆ, ಅದೊಂದು ಕರ್ಮ. ಆದ್ರೂ ಕಾಗದಾನೇ ಬರೀತೀನಿ. ಫೋನಿನಲ್ಲಿ ನೀನು ಅತ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ.

ವಾಪಸ್ ತಂದುಕೊಡ್ಲಾ ಅಂತ ಕೇಳ್ತಾಳೆ! ಮಡಿಲಿಗೆ ಹಾಕಿದ್ದನ್ನ ಯಾರಾದ್ರೂ ವಾಪಸ್ ತರ್ತಾರೇನೇ?

ನಿಮಗೇನಿದೆ ಅಂದೆ. ಕುಂಡ ಇದೆ. ಗಿಡ ಇಲ್ಲೇ ಇಟ್ಕೊಂಡಿದ್ರೆ ನೀನು ಮೊದಮೊದಲು ನೋಡೋಕೆ ಬರ್ತಿದ್ದೆ. ಆಮೇಲೆ ಸಂಸಾರ, ಸ್ಕೂಲು ಅಂತ ಮರೀತಿದ್ದೆ. ನಾನೂ ಒಬ್ಬಳೇ ಅದರ ಮುಂದೆ ತಂಬಿಗೆ ಹಿಡ್ಕೊಂಡು ನಿಂತು ಇನ್ನೊಂದು ಸಲ ಕೊಳೆಸ್ತಿದ್ದೆ. ಈಗ ಹಂಗಲ್ಲ. ನೀನು ಬೆಳೆಸಬೇಕು. ಮಗ್ಗುಲಲ್ಲಿ ಮರಿ ಒಡೆದ ಮೇಲೆ ಒಂದನ್ನ ಬಿಡಿಸಿ ತಂದು ಈ ಕುಂಡಕ್ಕೆ ಹಾಕಬೇಕು. ಯಾವ ಲೆಕ್ಕದಲ್ಲಿ ಬರಲಿ ಅಂತ ಕೇಳಿದ್ದೆಯಲ್ಲ, ಈ ಲೆಕ್ಕದಲ್ಲಿ ಬಾ. ಅಲ್ಲೀತನಕ ಶನಿವಾರ ಬಂದು ಗಿಡ ಹೆಂಗಿದೆ ಅಂತ ಹೇಳಿ ಹೋಗಬೇಕು. ಹುಡುಗನನ್ನೂ ಕರ್ಕೊಂಡು ಬಾ, ಕಡುಬು ಮೂರು ಜನಕ್ಕೆ ಮಾಡೋದೇ ಸಲೀಸು.

ನೀರು ಕಡಿಮೆ ಹಾಕು. ಪುಷ್ಪಮ್ಮನಿಗೂ ಹೇಳು, ಅವರದ್ದೂ ಏನಾದ್ರೂ ಪೂಜೆ ನೀರು ಇರುತ್ತೆ.

ನಮ್ಮದು ಈಗ ದಾಸವಾಳಕ್ಕೇ ಹೋಗ್ತಿದೆ. ಕುಂಡ ತೊಳೆದು, ತಳಕ್ಕೆ ಹೆಂಚಿನ ಚೂರು ಹಾಕಿ, ಮರಳು ಬೆರೆಸಿದ ಮಣ್ಣು ತುಂಬಿ, ಅದೇ ಜಾಗದಲ್ಲಿ ಇಟ್ಟಿದೀನಿ. ಗುಣಿ ಮಾತ್ರ ತೆಗೆದಿಲ್ಲ. ಅದನ್ನ ನೀನೇ ಬಂದು ತೆಗಿ.

ಈಗಲೂ ನಿನ್ನ ಅತ್ತೆ,
ಬಸವರಾಜೇಶ್ವರಿ